ಗೆರೆಯ ಅರ್ಥ: ಆಲೇಖಗಳಲ್ಲಿ ತುಂಡುಗೆರೆ ಮತ್ತು ಚುಕ್ಕೆಗೆರೆಗಳ ಬಳಕೆ



ಸಾಂಗಲಿ ಜಿಲ್ಲೆಯ ಮಗುವಿಗೆ ಆಲೇಖವೆಂಬುದು ಗಣಿತ ಪುಸ್ತಕದ ಒಂದು ಪಾಠ ಮಾತ್ರವಲ್ಲ. ಸಾಂಗಲಿ ನಗರದಲ್ಲಿ ಕೃಷ್ಣೆಯ ಮೇಲಿರುವ ಆಯರ್ವಿನ್ ಸೇತುವೆಯ ಬಳಿ ನೀರು 40 ಅಡಿ ಮುಟ್ಟಿದರೆ ಅದು ಎಚ್ಚರಿಕೆಯ ಮಟ್ಟ. 45 ಅಡಿ ಮುಟ್ಟಿದರೆ ಅದು ಅಪಾಯದ ಮಟ್ಟ. ಮಳೆಗಾಲದಲ್ಲಿ ಈ ಎರಡು ಸಂಖ್ಯೆಗಳು ಮನೆಮನೆಯ ಮಾತಾಗುತ್ತವೆ. 2005ರ ಮಹಾಪೂರದಲ್ಲಿ ನೀರು 53 ಅಡಿಯನ್ನು ದಾಟಿತು. 2019ರ ಆಗಸ್ಟ್ ತಿಂಗಳಲ್ಲಿ 57 ಅಡಿಯನ್ನೂ ಮೀರಿತು. 2021ರ ಜುಲೈಯಲ್ಲಿ ಮತ್ತೆ 54 ಅಡಿಗಿಂತ ಮೇಲೇರಿತು. ದಿನಗಳು ಅಡ್ಡ ಅಕ್ಷದಲ್ಲಿ, ಅಡಿಗಳು ನಿಲುವು ಅಕ್ಷದಲ್ಲಿ, ನಡುವೆ ಏರುತ್ತಿರುವ ಒಂದು ಗೆರೆ: ಈ ಚಿತ್ರವನ್ನು ಸರಿಯಾಗಿ ಓದಬಲ್ಲ ಮಗು ಮನೆಯವರಿಗೆ ಸಾಮಾನು ಕಟ್ಟುವ ಹೊತ್ತನ್ನು ಹೇಳಬಲ್ಲದು.

ಅಂಥ ಆಲೇಖದಲ್ಲಿ ಒಂದೇ ಗೆರೆ ಇರುವುದು ವಿರಳ. ಅಳೆದ ನೀರಿನ ಮಟ್ಟಕ್ಕೆ ಒಂದು ಗೆರೆ, ಎಚ್ಚರಿಕೆಯ ಮಟ್ಟಕ್ಕೆ ಒಂದು, ಅಪಾಯದ ಮಟ್ಟಕ್ಕೆ ಒಂದು, ನಾಳೆ ಎಷ್ಟಾಗಬಹುದೆಂಬ ಅಂದಾಜಿಗೆ ಮತ್ತೊಂದು. ಈ ನಾಲ್ಕನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ? ಬಣ್ಣ ಎಂಬುದು ಮೊದಲು ಹೊಳೆಯುವ ಉತ್ತರ. ಕಂಪ್ಯೂಟರಿನ ಪರದೆಯ ಮೇಲೆ ಆ ಉತ್ತರ ಸಾಕೆಂದು ತೋರುತ್ತದೆ. ಶಾಲೆಗೆ ಬಂದಾಗ ಅದು ಸಾಲದು. ಏಕೆ ಸಾಲದು ಎಂಬುದು ಈ ಉಪನ್ಯಾಸದ ಮೊದಲ ಭಾಗ. ಅದಕ್ಕೆ ಪರಿಹಾರವಾದ ಗೆರೆಯ ಶೈಲಿಗಳನ್ನು ಹೊಂದಿಸುವ ಬಗೆ ಎರಡನೆಯ ಭಾಗ. ಕಂಪ್ಯೂಟರಿಲ್ಲದ ತರಗತಿಯಲ್ಲಿ ಅದನ್ನೇ ಕಲಿಸುವ ರೀತಿ ಮೂರನೆಯ ಭಾಗ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಜತ್ತ ತಾಲೂಕಿನ ಕನ್ನಡ ಶಾಲೆಯ ಶಿಕ್ಷಕರೊಬ್ಬರು ಹತ್ತನೆಯ ತರಗತಿಯ ಘಟಕ ಪರೀಕ್ಷೆಗಾಗಿ ಬಹಳ ಶ್ರದ್ಧೆಯಿಂದ ಆಲೇಖವೊಂದನ್ನು ಸಿದ್ಧಪಡಿಸುತ್ತಾರೆ. ಶಿರಾಳ ತಾಲೂಕಿನ ಮಳೆಗೆ ನೀಲಿ ಗೆರೆ, ಜತ್ತದ ಮಳೆಗೆ ಕೆಂಪು ಗೆರೆ. ಒಂದೇ ಜಿಲ್ಲೆಯ ಪಶ್ಚಿಮದಲ್ಲಿ ಸಹ್ಯಾದ್ರಿಯ ಮಳೆ, ಪೂರ್ವದಲ್ಲಿ ಬರಪೀಡಿತ ಬಯಲು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಅವರು ಮಿರಜಕ್ಕೆ ಹೋದಾಗ ಝೆರಾಕ್ಸ್ ಮಾಡಿಸಿಕೊಂಡು ಬರುತ್ತಾರೆ. ಪರೀಕ್ಷೆಯ ದಿನ ಮಕ್ಕಳ ಕೈಗೆ ಬಂದ ಹಾಳೆಯಲ್ಲಿ ನೀಲಿಯೂ ಕಪ್ಪು, ಕೆಂಪೂ ಕಪ್ಪು. ಮಕ್ಕಳು ಜತ್ತದ ಮಳೆಯನ್ನು ಶಿರಾಳಕ್ಕೆ, ಶಿರಾಳದ್ದನ್ನು ಜತ್ತಕ್ಕೆ ಬರೆಯುತ್ತಾರೆ. ಅಂಕ ಹೋಗುವುದು ಮಕ್ಕಳದ್ದು. ತಪ್ಪು ಇರುವುದು ಆಲೇಖದಲ್ಲಿ.

ಇದಕ್ಕಿಂತ ಮೌನವಾದ ಇನ್ನೊಂದು ತೊಂದರೆಯೂ ಉಂಟು. ಕೆಂಪು-ಹಸಿರುಗಳ ಭೇದ ಸರಿಯಾಗಿ ಕಾಣದ ಮಕ್ಕಳು ಎಲ್ಲ ಶಾಲೆಗಳಲ್ಲಿಯೂ ಇರಬಹುದು. ಇದಕ್ಕೆ ಕಾರಣವಾದ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ, ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಅಂಥ ಮಗುವಿಗೆ ತನ್ನ ಕಣ್ಣು ಇತರರ ಕಣ್ಣಿನಂತಿಲ್ಲವೆಂಬುದೇ ಅನೇಕ ವೇಳೆ ತಿಳಿದಿರುವುದಿಲ್ಲ. "ಕೆಂಪು ಗೆರೆಯನ್ನು ನೋಡು" ಎಂದಾಗ ಸುಮ್ಮನೆ ಕುಳಿತ ಹುಡುಗನನ್ನು ದಡ್ಡನೆಂದೋ ಗಮನವಿಲ್ಲದವನೆಂದೋ ಎಣಿಸುವ ಮುನ್ನ ಶಿಕ್ಷಕರು ಒಮ್ಮೆ ತಮ್ಮ ಆಲೇಖವನ್ನು ಪರಿಶೀಲಿಸಬೇಕು.

ಬಣ್ಣವನ್ನು ನಂಬದೆ ಗೆರೆಯ ಆಕಾರದಿಂದಲೇ ಭೇದವನ್ನು ತೋರಿಸುವ ಪದ್ಧತಿ ಹೊಸದಲ್ಲ. 1765ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಇಂಗ್ಲಿಷ್ ವಿದ್ವಾಂಸನು ಪ್ರಸಿದ್ಧ ಪುರುಷರ ಜೀವಿತಕಾಲವನ್ನು ಗೆರೆಗಳಿಂದ ತೋರಿಸುವ ಪಟವೊಂದನ್ನು ಪ್ರಕಟಿಸಿದನು. ನಿಶ್ಚಿತವಾಗಿ ತಿಳಿದ ಕಾಲಕ್ಕೆ ಅಖಂಡ ಗೆರೆಯನ್ನೆಳೆದು, ಜನನ ಅಥವಾ ಮರಣದ ವರ್ಷ ಸಂದೇಹಾಸ್ಪದವಾಗಿದ್ದಲ್ಲಿ ಚುಕ್ಕೆಗಳನ್ನಿಟ್ಟನು. ಗಟ್ಟಿಯಾಗಿ ತಿಳಿದದ್ದಕ್ಕೆ ಗಟ್ಟಿ ಗೆರೆ, ಸಂದೇಹಕ್ಕೆ ಚುಕ್ಕೆ. ಇದು ಇಂದಿಗೂ ಸಲ್ಲುವ ಕ್ರಮ.

ಇತರ ಶಾಸ್ತ್ರಗಳಲ್ಲಿಯೂ ತುಂಡುಗೆರೆಗೆ ಖಚಿತವಾದ ಅರ್ಥವಿದೆ. ಎಂಜಿನಿಯರಿಂಗ್ ರೇಖಾಚಿತ್ರದಲ್ಲಿ ಕಣ್ಣಿಗೆ ಕಾಣದ, ಮರೆಯಲ್ಲಿರುವ ಅಂಚನ್ನು ತುಂಡುಗೆರೆಯಿಂದಲೂ, ವಸ್ತುವಿನ ನಡುರೇಖೆಯನ್ನು ಉದ್ದ ತುಂಡು ಮತ್ತು ಗಿಡ್ಡ ತುಂಡುಗಳ ಸರಪಳಿಯಿಂದಲೂ ತೋರಿಸುತ್ತಾರೆ. ಬೀಜಗಣಿತದಲ್ಲಿ ಅಸಮತೆಯ ಆಲೇಖವನ್ನು ಎಳೆಯುವಾಗ, ಗಡಿರೇಖೆಯ ಬಿಂದುಗಳು ಉತ್ತರದಲ್ಲಿ ಸೇರಿದ್ದರೆ ಅಖಂಡ ಗೆರೆ, ಸೇರದಿದ್ದರೆ ತುಂಡುಗೆರೆ. ಇಲ್ಲಿ ಗೆರೆಯ ಶೈಲಿ ತಪ್ಪಿದರೆ ಉತ್ತರವೇ ತಪ್ಪು. ಭೂಗೋಳದ ನಕಾಶೆಯಲ್ಲಿ ರಾಜ್ಯದ ಗಡಿ ತುಂಡು ಮತ್ತು ಚುಕ್ಕೆಗಳಿಂದ ಕೂಡಿದ ಗೆರೆ. ಮಿರಜದಿಂದ ಮ್ಹೈಸಾಳದ ಮೇಲೆ ಕಾಗವಾಡಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತ ಮಗು ಆ ಗೆರೆಯನ್ನು ದಾಟುತ್ತದೆ. ಆದರೆ ನೆಲದ ಮೇಲೆ ಅದೇ ಕಬ್ಬು, ಅದೇ ಕಪ್ಪು ಮಣ್ಣು. ಕಾಗದದ ಮೇಲಿದ್ದು ನೆಲದ ಮೇಲೆ ಕಾಣದ ಗೆರೆಯನ್ನು ತುಂಡುತುಂಡಾಗಿ ಏಕೆ ಎಳೆಯುತ್ತಾರೆಂಬುದನ್ನು ಗಡಿನಾಡಿನ ಮಕ್ಕಳಿಗೆ ಬಹಳ ವಿವರಿಸಬೇಕಾಗಿಲ್ಲ.

ಈಗ ಎರಡನೆಯ ಭಾಗ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಆಲೇಖಗಳನ್ನು ಎಳೆಯಲು ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಲೈಬ್ರರಿ ಇದೆ. ಲೈಬ್ರರಿ ಎಂದರೆ ಇಲ್ಲಿ ಪುಸ್ತಕಾಲಯವಲ್ಲ, ಸಿದ್ಧಪಡಿಸಿಟ್ಟ ಆದೇಶಗಳ ಸಂಗ್ರಹ. ಮಿದುಳಿನ ವಿದ್ಯುತ್ ಸಂಕೇತಗಳನ್ನು ಅಭ್ಯಸಿಸುತ್ತಿದ್ದ ಅಮೆರಿಕದ ನರವಿಜ್ಞಾನಿ ಜಾನ್ ಹಂಟರ್ ಅವರು ತಮ್ಮ ಕೆಲಸಕ್ಕೆಂದು ಇದನ್ನು ಆರಂಭಿಸಿ 2003ರಲ್ಲಿ ಲೋಕಕ್ಕೆ ಕೊಟ್ಟರು. ಅವರು 2012ರಲ್ಲಿ ತೀರಿಕೊಂಡರು. ಸಂಗ್ರಹವು ಇಂದಿಗೂ ಉಚಿತವಾಗಿ ಎಲ್ಲರಿಗೂ ದೊರೆಯುತ್ತದೆ. ಬೆಲೆ ಕೊಟ್ಟು ತಂತ್ರಾಂಶ ಕೊಳ್ಳಲಾಗದ ಹಳ್ಳಿಯ ಶಾಲೆಗೆ ಇದು ಸಣ್ಣ ಮಾತಲ್ಲ.

ಇದರಲ್ಲಿ ಗೆರೆಯ ಶೈಲಿಯನ್ನು ತಿಳಿಸುವ ಗುಣಕ್ಕೆ ಲೈನ್‌ಸ್ಟೈಲ್ ಎಂದು ಹೆಸರು. ನಾಲ್ಕು ಸಿದ್ಧ ಶೈಲಿಗಳಿವೆ. ಒಂದು ಅಡ್ಡಗೆರೆ ( - ) ಕೊಟ್ಟರೆ ಅಖಂಡ ಗೆರೆ, ಎರಡು ಅಡ್ಡಗೆರೆ ( -- ) ಕೊಟ್ಟರೆ ತುಂಡುಗೆರೆ, ಅಡ್ಡಗೆರೆಯ ಮುಂದೆ ಚುಕ್ಕೆ ( -. ) ಇಟ್ಟರೆ ತುಂಡು-ಚುಕ್ಕೆ ಗೆರೆ, ಒಂದರ ಮೇಲೊಂದು ಎರಡು ಚುಕ್ಕೆ ( : ) ಇಟ್ಟರೆ ಚುಕ್ಕೆಗೆರೆ. ಸಂಕೇತದ ರೂಪವೇ ಗೆರೆಯ ರೂಪವನ್ನು ಹೋಲುವುದರಿಂದ ಇವನ್ನು ನೆನಪಿಡುವುದು ಸುಲಭ.

ಈ ನಾಲ್ಕು ಸಾಲದಿದ್ದಾಗ, ಅಥವಾ ಮುದ್ರಣದಲ್ಲಿ ಸ್ಪಷ್ಟವಾಗದಿದ್ದಾಗ, ಶಿಕ್ಷಕರು ತಮ್ಮದೇ ವಿನ್ಯಾಸವನ್ನು ಸಂಖ್ಯೆಗಳಿಂದ ಹೇಳಬಹುದು. ಅದರ ತತ್ತ್ವವನ್ನು ಅರಿಯಲು ಮನೆಯ ಕೌದಿಯನ್ನು ನೋಡಿದರೆ ಸಾಕು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಅಜ್ಜಿ ಹೊಲಿಗೆ ಹಾಕುವಾಗ ದಾರ ಸ್ವಲ್ಪ ದೂರ ಮೇಲೆ ಕಾಣುತ್ತದೆ, ಸ್ವಲ್ಪ ದೂರ ಅಡಿಯಲ್ಲಿ ಮರೆಯಾಗುತ್ತದೆ, ಮತ್ತೆ ಮೇಲೇಳುತ್ತದೆ. ದಾರ ಒಂದೇ, ಕಂಡದ್ದು ಹೊಲಿಗೆ, ಕಾಣದ್ದು ಬಿಡುವು. ತುಂಡುಗೆರೆಯೂ ಹಾಗೆಯೇ. ಎಷ್ಟು ದೂರ ಶಾಯಿ, ಎಷ್ಟು ದೂರ ಬಿಡುವು ಎಂಬ ಸಂಖ್ಯೆಗಳನ್ನು ಜೋಡಿಜೋಡಿಯಾಗಿ ಕೊಟ್ಟರೆ ಗೆರೆ ಮುಗಿಯುವವರೆಗೆ ಕಂಪ್ಯೂಟರ್ ಆ ವಿನ್ಯಾಸವನ್ನೇ ಪುನರಾವರ್ತಿಸುತ್ತದೆ. ಜೋಡಿಯಾಗಿ ಕೊಡಬೇಕಾದುದರಿಂದ ಸಂಖ್ಯೆಗಳ ಎಣಿಕೆ ಯಾವಾಗಲೂ ಸಮವಾಗಿರಬೇಕು.

ಬರೆಯುವ ಕ್ರಮ ಹೀಗೆ: (0, (5, 2)). ಒಳಗಿನ ಆವರಣದ 5 ಎಂಬುದು ಶಾಯಿಯ ಉದ್ದ, 2 ಎಂಬುದು ಬಿಡುವಿನ ಉದ್ದ. ಹೊರಗಿನ 0 ಎಂಬುದು ವಿನ್ಯಾಸವು ಎಲ್ಲಿಂದ ಆರಂಭವಾಗಬೇಕೆಂಬುದರ ಸೂಚನೆ. ಅದನ್ನು 5 ಮಾಡಿದರೆ ಮೊದಲ ತುಂಡನ್ನು ಬಿಟ್ಟು, ಬಿಡುವಿನಿಂದಲೇ ಗೆರೆ ಆರಂಭವಾಗುತ್ತದೆ. (0, (6, 2, 1, 2)) ಎಂದು ಬರೆದರೆ ಉದ್ದ ತುಂಡು, ಬಿಡುವು, ಚುಕ್ಕೆ, ಬಿಡುವು ಎಂಬ ಸರಪಳಿ ದೊರೆಯುತ್ತದೆ.

ಈ ಸಂಖ್ಯೆಗಳ ಮಾನ ಪಾಯಿಂಟ್; 72 ಪಾಯಿಂಟುಗಳಿಗೆ ಒಂದು ಅಂಗುಲ. ಆದರೆ ಒಂದು ವಿಶೇಷವನ್ನು ಗಮನಿಸಬೇಕು. ಮ್ಯಾಟ್‌ಪ್ಲಾಟ್‌ಲಿಬ್ ಸಾಮಾನ್ಯವಾಗಿ ಈ ಸಂಖ್ಯೆಗಳನ್ನು ಗೆರೆಯ ದಪ್ಪದಿಂದ ಗುಣಿಸುತ್ತದೆ. ನಾವು ಬೇರೆ ಹೇಳದಿದ್ದರೆ ಗೆರೆಯ ದಪ್ಪ 1.5 ಪಾಯಿಂಟ್. ಆದ್ದರಿಂದ 5 ಮತ್ತು 2 ಎಂದದ್ದು ಕಾಗದದ ಮೇಲೆ 7.5 ಪಾಯಿಂಟ್ ಶಾಯಿ, 3 ಪಾಯಿಂಟ್ ಬಿಡುವು ಆಗುತ್ತದೆ. ಎರಡೂ ಸೇರಿ 10.5 ಪಾಯಿಂಟ್, ಎಂದರೆ ಸುಮಾರು 3.7 ಮಿಲಿಮೀಟರ್. ಗೆರೆಯನ್ನು ದಪ್ಪ ಮಾಡಿದರೆ ತುಂಡೂ ಬಿಡುವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತವೆ. ಅನುಪಾತದ ಪಾಠಕ್ಕೆ ಇದೇ ಒಂದು ಲೆಕ್ಕವಾಗಬಲ್ಲದು.

ಝೆರಾಕ್ಸ್ ಯಂತ್ರದ ವಿಚಾರಕ್ಕೆ ಇದು ಮುಖ್ಯ. ಸಿದ್ಧ ಚುಕ್ಕೆಗೆರೆಯಲ್ಲಿ ಶಾಯಿ 1, ಬಿಡುವು 1.65 ಎಂದು ನಿಗದಿಯಾಗಿದೆ. 1.5 ಪಾಯಿಂಟ್ ದಪ್ಪದ ಗೆರೆಯಲ್ಲಿ ಆ ಬಿಡುವು ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಪ್ರತಿಯ ಪ್ರತಿಯ ಪ್ರತಿ ತೆಗೆದಾಗ ಶಾಯಿ ಹರಡಿ ಆ ಕಿರಿದಾದ ಬಿಡುವು ಮುಚ್ಚಿಹೋಗುತ್ತದೆ. ಚುಕ್ಕೆಗೆರೆ ಒರಟಾದ ಅಖಂಡ ಗೆರೆಯಾಗುತ್ತದೆ. ಬಿಡುವನ್ನು 3ಕ್ಕೆ ಹೆಚ್ಚಿಸಿ (0, (1, 3)) ಎಂದರೆ ಅದು ಒಂದೂವರೆ ಮಿಲಿಮೀಟರಿನಷ್ಟಾಗಿ ಉಳಿದುಕೊಳ್ಳುತ್ತದೆ. ಪ್ರಶ್ನೆಪತ್ರಿಕೆಯನ್ನು ಮಕ್ಕಳಿಗೆ ಕೊಡುವ ಮುನ್ನ ಪ್ರತಿಯ ಪ್ರತಿಯೊಂದನ್ನು ತೆಗೆಸಿ, ತೋಳಳತೆಯ ದೂರದಲ್ಲಿ ಹಿಡಿದು ನೋಡುವುದು ಒಳ್ಳೆಯ ಪರೀಕ್ಷೆ.

ಶೈಲಿಯನ್ನು ಹೊಂದಿಸಿದ ಮೇಲೆಯೂ ಎಡವಬಹುದಾದ ಕೆಲವು ಸ್ಥಳಗಳಿವೆ.

ಮೊದಲನೆಯದು, ಸೂಚಿ. ಯಾವ ಗೆರೆ ಯಾವುದೆಂದು ತಿಳಿಸುವ ಪುಟ್ಟ ಚೌಕದಲ್ಲಿ ಮಾದರಿಯ ಗೆರೆ ಬಹಳ ಗಿಡ್ಡದಾಗಿರುತ್ತದೆ. ಉದ್ದ ತುಂಡುಗಳ ವಿನ್ಯಾಸವಾದರೆ ಅಷ್ಟರಲ್ಲಿ ಒಂದೇ ತುಂಡು ಹಿಡಿದು ಅದು ಅಖಂಡ ಗೆರೆಯಂತೆ ಕಾಣುತ್ತದೆ. ಹ್ಯಾಂಡಲ್‌ಲೆಂಗ್ತ್ ಎಂಬ ಗುಣ ಸಾಮಾನ್ಯವಾಗಿ 2 ಇರುತ್ತದೆ. ಅದನ್ನು 4 ಮಾಡಿದರೆ ವಿನ್ಯಾಸ ಪೂರ್ತಿಯಾಗಿ ಕಾಣುತ್ತದೆ. ಗೆರೆಯ ಕೊನೆಯಲ್ಲಿಯೇ ಅದರ ಹೆಸರನ್ನು ಬರೆಯುವುದು ಇನ್ನೂ ಉತ್ತಮ. ಮಗುವಿನ ಕಣ್ಣು ಸೂಚಿಗೂ ಗೆರೆಗೂ ನಡುವೆ ಅಲೆಯಬೇಕಾಗುವುದಿಲ್ಲ.

ಎರಡನೆಯದು, ಕನ್ನಡ ಅಕ್ಷರ. ಈ ಸಂಗ್ರಹದ ಅನೇಕ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಬೀಳುತ್ತವೆ. "ಕೃಷ್ಣಾ" ಎಂಬ ಹೆಸರೇ ವಿಕಾರವಾಗಬಹುದು. ಇದಕ್ಕಾಗಿ ಇಂಗ್ಲಿಷ್ ಹೆಸರುಗಳಿಗೆ ಶರಣಾಗಬೇಕಿಲ್ಲ. ಹೆಸರುಗಳಿಲ್ಲದೆ ಆಲೇಖವನ್ನು ಮುದ್ರಿಸಿ, ಮೂಲ ಪ್ರತಿಯ ಮೇಲೆ ದುಂಡಾದ ಕೈಬರಹದಲ್ಲಿ ಕನ್ನಡ ಹೆಸರುಗಳನ್ನು ಬರೆದು, ಅನಂತರ ಪ್ರತಿಗಳನ್ನು ತೆಗೆಸಬಹುದು.

ಮೂರನೆಯದು, ಬಿಟ್ಟುಹೋದ ಅಳತೆ. ಮಹಾಪೂರದ ನಡುವೆ ಒಂದು ದಿನದ ಅಳತೆ ದೊರೆಯದಿದ್ದರೆ ಗೆರೆ ಅಲ್ಲಿ ಕಡಿದುಹೋಗುತ್ತದೆ. ಗೆರೆ ಅಖಂಡವಾಗಿದ್ದರೆ ಆ ಕಡಿತ ಎದ್ದು ಕಾಣುತ್ತದೆ. ತುಂಡುಗೆರೆಯಾಗಿದ್ದರೆ ವಿನ್ಯಾಸದ ಬಿಡುವು ಯಾವುದು, ಮಾಹಿತಿಯ ಕೊರತೆ ಯಾವುದು ಎಂಬುದು ತಿಳಿಯುವುದಿಲ್ಲ. ಆದ್ದರಿಂದಲೇ ಅಳೆದ ಸಂಖ್ಯೆಗಳಿಗೆ ಸದಾ ಅಖಂಡ ಗೆರೆಯನ್ನೇ ಮೀಸಲಿಡುವುದು ಕ್ಷೇಮ.

ನಾಲ್ಕನೆಯದು, ಗೆರೆಗಳ ಸಂಖ್ಯೆ. ಸಂಖ್ಯೆಗಳಿಂದ ನೂರು ವಿನ್ಯಾಸಗಳನ್ನು ಮಾಡಬಹುದು. ಕಣ್ಣು ಬೇರ್ಪಡಿಸಬಲ್ಲುದು ಕೆಲವನ್ನು ಮಾತ್ರ. ಒಂದು ಚಿತ್ರದಲ್ಲಿ ನಾಲ್ಕು ಶೈಲಿಗಳಿಗಿಂತ ಹೆಚ್ಚು ಬೇಕೆನಿಸಿದರೆ ಚಿತ್ರವನ್ನೇ ಎರಡು ಮಾಡುವುದು ಲೇಸು.

ಈಗ ಮೂರನೆಯ ಭಾಗ. ಕಂಪ್ಯೂಟರ್ ಇಲ್ಲದ, ಅಥವಾ ಇದ್ದೂ ವಿದ್ಯುತ್ ಇಲ್ಲದ ಶಾಲೆಯಲ್ಲಿ ಇದನ್ನೆಲ್ಲ ಕಲಿಸಬಹುದೇ? ಅವಶ್ಯ ಕಲಿಸಬಹುದು. ಆಲೇಖದ ಹಾಳೆಯ ಒಂದು ಚಿಕ್ಕ ಚೌಕವೆಂದರೆ ಒಂದು ಮಿಲಿಮೀಟರ್. ಐದು ಚೌಕ ಪೆನ್ಸಿಲ್ ಊರಿ, ಎರಡು ಚೌಕ ಎತ್ತಿ ಹೋಗುವಂತೆ ಮಕ್ಕಳಿಗೆ ಹೇಳಿದರೆ (5, 2) ವಿನ್ಯಾಸ ಸಿದ್ಧವಾಯಿತು. ಆಗ ಒಂದು ಪ್ರಶ್ನೆ ಕೇಳಬಹುದು: ಗೆರೆಯ ಆರಂಭದಿಂದ 45ನೆಯ ಮಿಲಿಮೀಟರಿನಲ್ಲಿ ಪೆನ್ಸಿಲ್ ಕಾಗದದ ಮೇಲಿರುತ್ತದೆಯೇ, ಮೇಲೆತ್ತಿರುತ್ತದೆಯೇ? ವಿನ್ಯಾಸವು ಏಳೇಳು ಚೌಕಕ್ಕೆ ಮರಳುವುದರಿಂದ 45ನ್ನು 7ರಿಂದ ಭಾಗಿಸಬೇಕು, ಶೇಷ 3. ಅದು 5ಕ್ಕಿಂತ ಕಡಿಮೆಯಾದ್ದರಿಂದ ಪೆನ್ಸಿಲ್ ಕಾಗದದ ಮೇಲಿದೆ. 40ರಲ್ಲಿ ಶೇಷ 5. ಸರಿಯಾಗಿ ಅಲ್ಲಿಯೇ ಪೆನ್ಸಿಲ್ ಮೇಲೇಳುತ್ತದೆ. ಭಾಗಾಕಾರದ ಶೇಷಕ್ಕೆ ಇಂಥದೊಂದು ಉಪಯೋಗವಿದೆಯೆಂದು ಮಕ್ಕಳಿಗೆ ಆಗ ತಿಳಿಯುತ್ತದೆ.

ಹತ್ತನೆಯ ತರಗತಿಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. x + y = 5 ಮತ್ತು x − y = 1 ಎಂಬ ಸಮೀಕರಣಗಳನ್ನು ಆಲೇಖದ ರೀತಿಯಿಂದ ಬಿಡಿಸುವಾಗ ಒಂದು ಮಾನಕ್ಕೆ ಒಂದು ಸೆಂಟಿಮೀಟರ್ ಎಂದು ಇಟ್ಟುಕೊಳ್ಳಲಿ. ಮೊದಲನೆಯ ರೇಖೆಯನ್ನು (0, 5) ಬಿಂದುವಿನಿಂದ ಆರಂಭಿಸಿ ಆರು ಮಿಲಿಮೀಟರ್ ತುಂಡು, ಮೂರು ಮಿಲಿಮೀಟರ್ ಬಿಡುವಿನಿಂದ ಎಳೆಯಲಿ. ಎರಡನೆಯದನ್ನು ಅಖಂಡವಾಗಿ ಎಳೆಯಲಿ. ರೇಖೆಗಳು (3, 2) ಬಿಂದುವಿನಲ್ಲಿ ಕೂಡುತ್ತವೆ. ಪೈಥಾಗೊರಸನ ಪ್ರಮೇಯದಂತೆ ಆರಂಭದಿಂದ ಅಲ್ಲಿಗೆ ಇರುವ ದೂರ 18ರ ವರ್ಗಮೂಲ, ಎಂದರೆ ಸುಮಾರು 42.4 ಮಿಲಿಮೀಟರ್. ಒಂಬತ್ತೊಂಬತ್ತರ ನಾಲ್ಕು ಸುತ್ತು ಮುಗಿದು 36, ಉಳಿದದ್ದು 6.4. ತುಂಡಿನ ಉದ್ದ 6 ಮಾತ್ರ. ಅಂದರೆ ಉತ್ತರದ ಬಿಂದುವೇ ಬಿಡುವಿನಲ್ಲಿ ಬಿತ್ತು! ಮಗು ಹುಡುಕುತ್ತಿರುವ ಜಾಗದಲ್ಲಿ ಮೊದಲ ರೇಖೆಯೇ ಇಲ್ಲ. ಆರಂಭದ ಸಂಖ್ಯೆಯನ್ನು 3 ಮಾಡಿದರೆ ವಿನ್ಯಾಸ ಹಿಂದಕ್ಕೆ ಸರಿದು ಆ ಬಿಂದುವಿನಲ್ಲಿ ತುಂಡು ಬರುತ್ತದೆ. ಇಲ್ಲವೇ ಛೇದನ ಬಿಂದುವಿನ ಮೇಲೆ ದಪ್ಪ ಚುಕ್ಕೆಯೊಂದನ್ನು ಇಟ್ಟರೂ ಆಯಿತು. ಆರಂಭದ ಸೂಚನೆ ಏಕೆ ಬೇಕೆಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ.

ಸ್ಥಳೀಯ ಇತಿಹಾಸವೂ ಅಭ್ಯಾಸಕ್ಕೆ ಒದಗುತ್ತದೆ. 2016ರ ಏಪ್ರಿಲ್‌ನಲ್ಲಿ ಬರದಿಂದ ಬಳಲಿದ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ನೀರು ಹೋಯಿತು. ಮೊದಲ ರೈಲು ಹತ್ತು ವ್ಯಾಗನ್‌ಗಳಲ್ಲಿ ಐದು ಲಕ್ಷ ಲೀಟರ್ ಒಯ್ದಿತು. ಮುಂದೆ ಐವತ್ತು ವ್ಯಾಗನ್‌ಗಳ ರೈಲು ಒಂದು ಸಲಕ್ಕೆ ಇಪ್ಪತ್ತೈದು ಲಕ್ಷ ಲೀಟರ್ ಒಯ್ದಿತು. ಲಕ್ಷ ಲೀಟರಿನ ಲೆಕ್ಕದಲ್ಲಿ y = 5x ಎಂಬುದನ್ನು ಒಂದು ಶೈಲಿಯಲ್ಲಿ, y = 25x ಎಂಬುದನ್ನು ಇನ್ನೊಂದು ಶೈಲಿಯಲ್ಲಿ ಎಳೆಯಿಸಿ, ಚಿಕ್ಕ ರೈಲು ಹತ್ತು ಸಲ ಒಯ್ದದ್ದನ್ನು ದೊಡ್ಡದು ಎಷ್ಟು ಸಲದಲ್ಲಿ ಒಯ್ಯುತ್ತದೆಂದು ಕೇಳಬಹುದು. ಎರಡು ಸಲದಲ್ಲಿ ಎಂಬ ಉತ್ತರವನ್ನು ಮಕ್ಕಳು ಗೆರೆಯ ಮೇಲೆಯೇ ಓದುತ್ತಾರೆ.

ಕೊನೆಯದಾಗಿ, ಪ್ರತಿ ಶಾಲೆಯೂ ತನ್ನೊಳಗೆ ಒಂದು ಒಪ್ಪಂದಕ್ಕೆ ಬರುವುದು ಒಳಿತು. ಅಳೆದದ್ದಕ್ಕೆ ಅಖಂಡ ಗೆರೆ. ಅಂದಾಜಿಗೆ ಚುಕ್ಕೆಗೆರೆ. ಎಚ್ಚರಿಕೆಯ ಮಟ್ಟಕ್ಕೆ ತುಂಡುಗೆರೆ, ಅಪಾಯದ ಮಟ್ಟಕ್ಕೆ ತುಂಡು-ಚುಕ್ಕೆ ಗೆರೆ. ಗಣಿತದ ಶಿಕ್ಷಕರು, ಭೂಗೋಳದ ಶಿಕ್ಷಕರು, ವಿಜ್ಞಾನದ ಶಿಕ್ಷಕರು ಮೂವರೂ ಇದನ್ನೇ ಪಾಲಿಸಿದರೆ ಎಂಟನೆಯ ತರಗತಿಯಲ್ಲಿ ಕಲಿತದ್ದು ಹತ್ತನೆಯ ತರಗತಿಯಲ್ಲಿ ಮಗುವಿಗೆ ನೆರವಾಗುತ್ತದೆ. ಬಣ್ಣವನ್ನು ಬಿಡಬೇಕೆಂದಲ್ಲ. ಬಣ್ಣವೂ ಇರಲಿ, ಶೈಲಿಯೂ ಇರಲಿ. ಒಂದು ಅಳಿದರೆ ಇನ್ನೊಂದು ಉಳಿಯಲಿ.

2019ರ ಮಹಾಪೂರದಲ್ಲಿ ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಪ್ರಾಣಹಾನಿಯಾದುದನ್ನು ಈ ಜಿಲ್ಲೆ ಮರೆತಿಲ್ಲ. ಒಂದು ಆಲೇಖದಿಂದ ಅಂಥ ದುರಂತ ತಪ್ಪುತ್ತಿತ್ತೆಂದು ಹೇಳಲಾಗದು. ಆದರೆ ನೀರು ಏರುವ ದಿನಗಳಲ್ಲಿ ಮೊಬೈಲಿಗೆ ಬಂದ ಚಿತ್ರವನ್ನು ಹಿಡಿದು ಅಪ್ಪ, "ಏನು ಬರೆದಾರ, ನೋಡವ್ವಾ" ಎಂದು ಕೇಳಿದಾಗ, "ಅಪ್ಪಾ, ಇಲ್ಲೀತನಕಾ ಗಟ್ಟಿ ಗೆರಿ ಐತಿ, ಇದು ಅಳದದ್ದು, ಮುಂದಿಂದು ಚುಕ್ಕಿ ಗೆರಿ, ಅದು ಬರೇ ಅಂದಾಜು, ಆದ್ರ ಅದು ನಾಳೆ ಅಪಾಯದ ಗೆರಿ ದಾಟತೈತಿ" ಎಂದು ಹೇಳಬಲ್ಲ ಮಗಳೊಬ್ಬಳು ಮನೆಯಲ್ಲಿರುವುದು ಚಿಕ್ಕ ಭಾಗ್ಯವಲ್ಲ. ಅಂಥ ಮಗಳನ್ನು ಸಿದ್ಧಪಡಿಸುವ ಹೊಣೆ ಕನ್ನಡ ಶಾಲೆಯ ಶಿಕ್ಷಕರದು.